ದೂರದ ಎಲ್ಕಿಗೆ ಎಷ್ಟು ಗ್ರೇನಿನ ಗುಂಡು?

ಅಮೆರಿಕದ ಯಾವುದಾದರೂ ದೊಡ್ಡ ಕೋವಿ ಅಂಗಡಿಗೆ ಹೋಗಿ .300 ವಿನ್‌ಚೆಸ್ಟರ್ ಮ್ಯಾಗ್ನಮ್ ತೋಟಾ (ಕಾಡತೂಸು) ಕೇಳಿ ನೋಡಿ. ಒಂದೇ ಕೋವಿಗೆ, ಒಂದೇ ಅಳತೆಯ ನಳಿಗೆಗೆ, 150 ಗ್ರೇನಿನಿಂದ ಹಿಡಿದು 200 ದಾಟಿದ ಗುಂಡಿನವರೆಗೆ ಡಬ್ಬಿ ಮೇಲೆ ಡಬ್ಬಿ ಇಟ್ಟಿರುತ್ತಾರೆ. ಯಾವುದು ತಗೊಳ್ಳೋದು? ಹಗುರದ್ದು ಬೇಗ ಹೋಗುತ್ತದೆ, ಭಾರದ್ದು ಜೋರಾಗಿ ಬಡಿಯುತ್ತದೆ ಅಂತ ಅಲ್ಲಿ ನಿಂತವರೆಲ್ಲ ಹೇಳುತ್ತಾರೆ. ನೂರು ಗಜದಲ್ಲಿ ಆ ಮಾತು ಸರಿ. ಐನೂರು, ಆರುನೂರು ಗಜಕ್ಕೆ ಹೋದಾಗ ಅರ್ಧ ಮಾತ್ರ ಸರಿ. ಎಲ್ಕ್ ಅನ್ನುವ ದೊಡ್ಡ ಜಿಂಕೆಯನ್ನು ದೂರದಿಂದ ಬೇಟೆಯಾಡುವವರಿಗಾಗಿ ಬರೆದ ಈ ಲೇಖನ ಆ ಇನ್ನರ್ಧದ ಬಗ್ಗೆ.

ಮೊದಲು ಗ್ರೇನ್ ಅಂದರೆ ಎಷ್ಟು ಅಂತ ತಿಳಿದುಕೊಳ್ಳೋಣ. ಒಂದು ಪೌಂಡಿಗೆ 7000 ಗ್ರೇನ್, ಒಂದು ಗ್ರಾಮಿಗೆ ಸುಮಾರು 15.4. ಅಂದರೆ 150 ಗ್ರೇನಿನ ಗುಂಡು 10 ಗ್ರಾಮಿಗಿಂತ ಸ್ವಲ್ಪ ಕಡಿಮೆ, 200 ಗ್ರೇನಿನದು ಸುಮಾರು 13 ಗ್ರಾಂ. ಮೂರು ಗ್ರಾಮಿನ ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಅನ್ನಿಸಬಹುದು. ಎರಡನ್ನೂ ಅಂಗೈ ಮೇಲೆ ಇಟ್ಟು ನೋಡಿ. ಎರಡೂ 0.308 ಇಂಚು ದಪ್ಪ, ಅದರಲ್ಲಿ ಬದಲಾವಣೆ ಇಲ್ಲ, ಯಾಕೆಂದರೆ ನಳಿಗೆ ಒಂದೇ. ಹಾಗಾದರೆ ಹೆಚ್ಚಿನ ಮೂರು ಗ್ರಾಂ ಎಲ್ಲಿಗೆ ಹೋಯಿತು? ಉದ್ದಕ್ಕೆ. ದೂರಕ್ಕೆಂದೇ ಮಾಡಿದ 200 ಗ್ರೇನಿನ ಗುಂಡು ನೀಳವಾಗಿ, ಮೂತಿ ಸೂಜಿಯಂತೆ ಚೂಪಾಗಿ, ಹಿಂಭಾಗ ಸ್ವಲ್ಪ ಒಳಗೆ ಸರಿದಂತೆ ಇರುತ್ತದೆ. ಗಾಳಿಯನ್ನು ಸೀಳುವ ಮುಖ ಅಷ್ಟೇ ಅಗಲ, ಹಿಂದಿನಿಂದ ತಳ್ಳುವ ತೂಕ ಜಾಸ್ತಿ. ಮುಂದಿನ ಮಾತೆಲ್ಲ ಇದರಿಂದಲೇ ಹುಟ್ಟುವುದು.

ಈಗ ಪ್ರಾಣಿ. ಎಲ್ಕ್ ನಮ್ಮ ಕಾಶ್ಮೀರದ ಹಂಗುಲ್ ಜಿಂಕೆಯ ಹತ್ತಿರದ ನೆಂಟ. ರಾಕಿ ಬೆಟ್ಟಗಳ ಬಲಿತ ಗಂಡು ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು 220ರ ಆಸುಪಾಸು. ಚುಕ್ಕೆ ಜಿಂಕೆಯ ನಾಲ್ಕು ಪಟ್ಟು ಅಂತ ಇಟ್ಟುಕೊಳ್ಳಿ. ಭುಜದ ಮೂಳೆ ದಪ್ಪ, ಚರ್ಮ ದಪ್ಪ, ಪಕ್ಕೆಯ ಸ್ನಾಯು ದಪ್ಪ, ಅದರ ಮೇಲೆ ಭಾರಿ ಗಟ್ಟಿ ಜೀವ. ಒಂದು ಶ್ವಾಸಕೋಶಕ್ಕೆ ಮಾತ್ರ ಪೆಟ್ಟು ಬಿದ್ದರೆ ಮೈಲಿಗಟ್ಟಲೆ ಗುಡ್ಡ ಹತ್ತಿ ಹೋಗಿಬಿಡುತ್ತದೆ, ಸಿಗುವುದೇ ಇಲ್ಲ. ಗುಂಡು ಎರಡೂ ಶ್ವಾಸಕೋಶ ದಾಟಬೇಕು. ಹಾಗಾಗಿ ಗುಂಡಿನ ಲೆಕ್ಕವನ್ನು ಕೋವಿಯ ಬಾಯಿಂದ ಶುರು ಮಾಡಬೇಡಿ, ಎಲ್ಕಿನ ಪಕ್ಕೆಯಿಂದ ಶುರು ಮಾಡಿ. ಅಲ್ಲಿ ಮುಟ್ಟುವಾಗ ಗುಂಡು ಎಷ್ಟು ವೇಗದಲ್ಲಿ ಇರಬೇಕು, ಎಷ್ಟು ತೂಕ ಉಳಿದಿರಬೇಕು, ಗಾಳಿ ಅದನ್ನು ಎಷ್ಟು ಸರಿಸಿರುತ್ತದೆ? ಅಲ್ಲಿಂದ ಹಿಂದಕ್ಕೆ ಬಂದರೆ ಯಾವ ಡಬ್ಬಿ ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಹಿಡಿಯೋಣ. ಒಂದೇ .300 ವಿನ್ ಮ್ಯಾಗ್ (ವಿನ್‌ಚೆಸ್ಟರ್ ಮ್ಯಾಗ್ನಮ್) ಕೋವಿ. ಒಂದು ಕಡೆ ಮಾಮೂಲಿ ಚೂಪು ಮೂತಿಯ 150 ಗ್ರೇನ್, ಬಾಯಿಂದ ಹೊರಡುವಾಗ ಸೆಕೆಂಡಿಗೆ 3275 ಅಡಿ. ಇನ್ನೊಂದು ಕಡೆ ನೀಳವಾದ 200 ಗ್ರೇನ್, ಹೊರಡುವಾಗ 2850 ಅಡಿ. ಹಗುರದ್ದು 425 ಅಡಿ ಮುಂದಿದೆ, ಸಣ್ಣ ವ್ಯತ್ಯಾಸ ಅಲ್ಲ. ಈಗ ಸಮುದ್ರಮಟ್ಟದ ಗಾಳಿಯಲ್ಲಿ ಇವೆರಡನ್ನೂ ಹಿಂಬಾಲಿಸಿ. 500 ಗಜದಲ್ಲಿ 150ರ ವೇಗ ಸುಮಾರು 2150, 200ರದ್ದು ಸುಮಾರು 2100. ಅಷ್ಟು ದೊಡ್ಡ ಮುನ್ನಡೆ ಐವತ್ತು ಅಡಿಗೆ ಇಳಿದಿದೆ. 600 ಗಜಕ್ಕೆ ಎರಡೂ 1950ರ ಆಸುಪಾಸಿನಲ್ಲಿ ಸರಿಸಮ. ಅಲ್ಲಿಂದಾಚೆ ಭಾರದ್ದೇ ವೇಗವಾಗಿ ಹೋಗುತ್ತಿರುತ್ತದೆ! ನಿಧಾನವಾಗಿ ಹೊರಟದ್ದು ಮುಂದೆ ಹೋಗಿದ್ದು ಹೇಗೆ ಅಂದರೆ, ಗಾಳಿ ಹಗುರ ಗುಂಡಿನಿಂದ ಪ್ರತಿ ಗಜಕ್ಕೂ ಜಾಸ್ತಿ ವೇಗ ಕಿತ್ತುಕೊಂಡಿದೆ, ಅಷ್ಟೇ.

ಹೀಗೆ ಗಾಳಿಗೆ ಮಣಿಯದೆ ವೇಗ ಉಳಿಸಿಕೊಳ್ಳುವ ಗುಣಕ್ಕೆ ಒಂದು ಅಂಕಿ ಇದೆ, ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಎಲ್ಲರೂ ಚಿಕ್ಕದಾಗಿ ಬಿ.ಸಿ. ಅಂತ ಕರೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು. ಮೇಲಿನ 150ಕ್ಕೆ ಸುಮಾರು 0.415, 200ಕ್ಕೆ ಸುಮಾರು 0.6. ಡಬ್ಬಿ ಮೇಲೆ ಇದು ಬರೆದಿರುತ್ತದೆ, ಇಲ್ಲವಾದರೆ ತಯಾರಕರ ಪಟ್ಟಿಯಲ್ಲಿ ಇರುತ್ತದೆ. ಒಂದು ಎಚ್ಚರಿಕೆ: ಜಿ1, ಜಿ7 ಅಂತ ಎರಡು ಅಳತೆಗೋಲು ಇವೆ, ಒಂದೇ ಗುಂಡಿಗೆ ಜಿ7 ಅಂಕಿ ಹೆಚ್ಚುಕಡಿಮೆ ಅರ್ಧ ಬರುತ್ತದೆ. ಒಂದರ ಜಿ1 ಜೊತೆ ಇನ್ನೊಂದರ ಜಿ7 ಹೋಲಿಸಬೇಡಿ.

ಇದೇನು ಹೊಸ ಜ್ಞಾನ ಅಲ್ಲ. ಅಮೆರಿಕದ ಸೇನೆ ಇದನ್ನೇ ಒಂದು ಸುತ್ತು ಅನುಭವಿಸಿ ಕಲಿತಿದೆ. 1903ರಲ್ಲಿ ಅವರ ಹೊಸ ರೈಫಲ್ ತೋಟಾದಲ್ಲಿ 220 ಗ್ರೇನಿನ ದುಂಡು ಮೂತಿಯ ಗುಂಡಿತ್ತು. 1906ರಲ್ಲಿ ಅದನ್ನು ಬಿಟ್ಟು 150 ಗ್ರೇನಿನ ಚೂಪು ಗುಂಡು ತಂದರು, ವೇಗ ಸೆಕೆಂಡಿಗೆ 2700 ಅಡಿ. ಅದೇ ಇವತ್ತಿಗೂ ಎಲ್ಕ್ ಬೇಟೆಯವರ ಕೈಯಲ್ಲಿರುವ 30-06. ಮೊದಲ ಮಹಾಯುದ್ಧದಲ್ಲಿ ಮಷಿನ್ ಗನ್ನಿನಿಂದ ಬಹುದೂರಕ್ಕೆ ಹೊಡೆಯಬೇಕಾಗಿ ಬಂದಾಗ ಆ ಹಗುರ ಗುಂಡು ಲೆಕ್ಕ ಹಾಕಿದ್ದ ದೂರ ಮುಟ್ಟಲೇ ಇಲ್ಲ. ಯುದ್ಧ ಮುಗಿದ ಮೇಲೆ, 1920ರ ದಶಕದಲ್ಲಿ, ಹಿಂಭಾಗ ಕಿರಿದಾದ 174 ಗ್ರೇನಿನ ಆಸುಪಾಸಿನ ಗುಂಡಿಗೆ ಬಂದರು. ಅದು ಎಷ್ಟು ದೂರ ಹೋಗುತ್ತಿತ್ತು ಅಂದರೆ ತರಬೇತಿ ಮೈದಾನಗಳ ಸುರಕ್ಷಿತ ಗಡಿಯೇ ಸಾಲದಾಯಿತು, ಒದೆತವೂ ಜಾಸ್ತಿ. 1930ರ ದಶಕದ ಕೊನೆಗೆ ಮತ್ತೆ 150ರ ಹತ್ತಿರಕ್ಕೆ ಇಳಿದರು. ಹತ್ತಿರಕ್ಕೆ ಹಗುರ ಸಾಕು, ದೂರಕ್ಕೆ ಭಾರ ಬೇಕು, ಭಾರಕ್ಕೆ ಭುಜ ಬೆಲೆ ಕೊಡಬೇಕು. ಇವತ್ತು ಅಂಗಡಿಯಲ್ಲಿ ನಿಂತು ನಾವು ಮಾಡುವ ಚರ್ಚೆ ಅದೇ.

"ಆದರೆ ಹಗುರದ್ದು ನೇರ ಹೋಗುತ್ತೆ, ಕಮ್ಮಿ ಕೆಳಗಿಳಿಯುತ್ತೆ ಅಲ್ವಾ?" ಅಂತ ಕೇಳುವವರು ಬಹಳ ಜನ. ನಿಜ. 200 ಗಜಕ್ಕೆ ಸ್ಕೋಪ್ ಹೊಂದಿಸಿದರೆ 600 ಗಜದಲ್ಲಿ 150 ಗ್ರೇನ್ ಸುಮಾರು 58 ಇಂಚು ಕೆಳಗಿಳಿಯುತ್ತದೆ, 200 ಗ್ರೇನ್ ಸುಮಾರು 68 ಇಂಚು. ಹತ್ತು ಇಂಚು ವ್ಯತ್ಯಾಸ. ಆದರೆ ಈ ಇಳಿತ ಲೆಕ್ಕಕ್ಕೆ ಸಿಗುವ ವಸ್ತು. ರೇಂಜ್‌ಫೈಂಡರ್ ದೂರ ಹೇಳುತ್ತದೆ, ಫೋನಿನ ಆ್ಯಪ್ ಎಷ್ಟು ಏರಿಸಬೇಕು ಅಂತ ಹೇಳುತ್ತದೆ, ಸ್ಕೋಪಿನ ತಿರುಗಣೆಯನ್ನು ಅಷ್ಟು ತಿರುಗಿಸಿದರೆ ಮುಗಿಯಿತು. 58 ಆದರೇನು, 68 ಆದರೇನು?

ಲೆಕ್ಕಕ್ಕೆ ಸಿಗದೇ ಇರುವುದು ಅಡ್ಡಗಾಳಿ. ಗಂಟೆಗೆ 10 ಮೈಲಿ, ಅಂದರೆ 16 ಕಿಲೋಮೀಟರ್ ಗಾಳಿ ಪಕ್ಕದಿಂದ ಬೀಸಿದರೆ 600 ಗಜದಲ್ಲಿ 150 ಗ್ರೇನಿನ ಗುಂಡು ಸುಮಾರು 29 ಇಂಚು ಸರಿಯುತ್ತದೆ, 200ರದ್ದು ಸುಮಾರು 23. ಎಲ್ಕಿನ ಹೃದಯ, ಶ್ವಾಸಕೋಶ ಇರುವ ಜಾಗ ಒಂದಡಿ ಚಿಲ್ಲರೆ ಎತ್ತರ ಅಗಲ. ನೀವು ಗಾಳಿ 10 ಅಂದುಕೊಂಡು ಗುರಿ ಇಟ್ಟಿರಿ, ನಿಜಕ್ಕೂ ಅದು 13 ಇತ್ತು ಅಂದುಕೊಳ್ಳಿ. 150 ಗ್ರೇನಿನ ಗುಂಡು ಒಂಬತ್ತು ಇಂಚು ತಪ್ಪುತ್ತದೆ. ಮಧ್ಯಕ್ಕೆ ಗುರಿ ಇಟ್ಟಿದ್ದರೂ ಆ ಜಾಗ ದಾಟಿ ಹೊಟ್ಟೆಗೆ ಬೀಳಬಹುದು. 200ರದ್ದು ಏಳರ ಒಳಗೆ ತಪ್ಪುತ್ತದೆ, ಅಂಚಿನಲ್ಲಿ ಉಳಿಯುತ್ತದೆ. ಮೂರು ಗ್ರಾಮಿನ ಬೆಲೆ ಇಲ್ಲಿ ಕಾಣುತ್ತದೆ.

ಮತ್ತೆ ಆ ಬೆಟ್ಟಗಳಲ್ಲಿ ಗಾಳಿ ಒಂದೇ ಇರುವುದಿಲ್ಲ. ನೀವು ಕೂತ ದಿಣ್ಣೆಯ ಅಂಚಿನಲ್ಲಿ ಎಡಗೆನ್ನೆಗೆ ತಣ್ಣಗೆ ತಾಗುತ್ತಿರುತ್ತದೆ. ನಡುವಿನ ಕಣಿವೆಯಲ್ಲಿ ಬಿಸಿಲು ಏರಿದ ಹಾಗೆ ಗಾಳಿ ಕೆಳಗಿಂದ ಮೇಲಕ್ಕೆ ಹತ್ತುತ್ತಿರುತ್ತದೆ. ಆಚೆ ಬದಿ, ಎಲ್ಕ್ ನಿಂತ ಕಡೆ, ಆಸ್ಪೆನ್ ಮರದ ಎಲೆಗಳು ಇನ್ನೊಂದೇ ದಿಕ್ಕಿಗೆ ಅಲುಗಾಡುತ್ತಿರುತ್ತವೆ. ಕೈಯಲ್ಲಿ ಹಿಡಿದ ಗಾಳಿಮಾಪಕ ನೀವು ನಿಂತ ಜಾಗದ ಗಾಳಿ ಮಾತ್ರ ಹೇಳುತ್ತದೆ. ಉಳಿದ ಐನೂರು ತೊಂಬತ್ತೊಂಬತ್ತು ಗಜ ಕಣ್ಣಂದಾಜು. ಅಂದಾಜು ತಪ್ಪೇ ತಪ್ಪುತ್ತದೆ, ಹಾಗಾಗಿ ತಪ್ಪನ್ನು ಜಾಸ್ತಿ ಕ್ಷಮಿಸುವ ಗುಂಡನ್ನು ಆರಿಸಿಕೊಳ್ಳಬೇಕು. ದೂರಕ್ಕೆ ಭಾರದ ಗುಂಡು ಬೇಕು ಅನ್ನಲು ನನಗೆ ಇದೇ ಮೊದಲ ಕಾರಣ. ಬಡಿತದ ಜೋರು ಎರಡನೆಯದು.

ಬಡಿತದ ಜೋರಿಗೆ ಬೇಟೆಯವರು ಬಳಸುವ ಅಳತೆ ಫುಟ್-ಪೌಂಡ್. ಎಲ್ಕಿಗೆ ಮುಟ್ಟುವಾಗ 1500 ಇರಬೇಕು ಅನ್ನುವುದು ರೂಢಿಯ ಮಾತು, ಕಾನೂನಲ್ಲ. ಆ ಲೆಕ್ಕದಲ್ಲಿ ನಮ್ಮ 150 ಗ್ರೇನ್ ಸುಮಾರು 510 ಗಜದವರೆಗೆ ಬರುತ್ತದೆ, 200 ಗ್ರೇನ್ ಸುಮಾರು 690ರವರೆಗೆ. 30-06ರಲ್ಲಿ 178 ಗ್ರೇನಿನ ಒಳ್ಳೆಯ ಗುಂಡು ಹಾಕಿದರೆ 500 ಗಜ. ಹಳೆಯ ಕೋವಿ ಅಂತ ಮೂಗು ಮುರಿಯುವವರು ಈ ಅಂಕಿ ನೋಡಬೇಕು. ಈಗ ಎಲ್ಲರ ಬಾಯಲ್ಲಿರುವ 6.5 ಕ್ರೀಡ್‌ಮೋರ್, 2007ರಲ್ಲಿ ಬಂದದ್ದು, 143 ಗ್ರೇನಿನ ಗುಂಡಿನ ಜೊತೆ ಗಾಳಿಗೆ .300ರಷ್ಟೇ ಚೆನ್ನಾಗಿ ನಿಲ್ಲುತ್ತದೆ. ಆದರೆ 1500 ಫುಟ್-ಪೌಂಡ್ ಅದಕ್ಕೆ ಸುಮಾರು 370 ಗಜಕ್ಕೇ ಮುಗಿದುಹೋಗುತ್ತದೆ. ಉದ್ದ ಇದೆ, ತೂಕ ಇಲ್ಲ. ಕಾಗದದ ಗುರಿಗೆ ಸಾವಿರ ಗಜ ಹೊಡೆಯುವ ಕೋವಿ ಎಲ್ಕಿಗೂ ಅಷ್ಟೇ ದೂರ ಹೊಡೆಯುತ್ತದೆ ಅಂತ ನಂಬುವವರಿಗೆ ಇದನ್ನು ಒತ್ತಿ ಹೇಳಬೇಕು.

ಆದರೆ ಫುಟ್-ಪೌಂಡ್ ತಾನಾಗಿ ಏನನ್ನೂ ಕೊಲ್ಲುವುದಿಲ್ಲ. ಕೊಲ್ಲುವುದು ಗುಂಡು ಮಾಡುವ ತೂತು. ಬೇಟೆಯ ಗುಂಡು ಮೈಯೊಳಗೆ ಹೋದ ತಕ್ಷಣ ಮೂತಿ ಅರಳಬೇಕು, ಸುಮಾರು ಎರಡು ಪಟ್ಟು ಅಗಲ ಆಗಿ ಒಳಗೆ ಕೊರೆಯುತ್ತಾ ಹೋಗಬೇಕು. ಅರಳುವುದಕ್ಕೆ ವೇಗ ಬೇಕು. ಬಹಳಷ್ಟು ಮಾಮೂಲಿ ಗುಂಡುಗಳಿಗೆ ಸೆಕೆಂಡಿಗೆ 1800 ಅಡಿ ಕನಿಷ್ಠ. ಅದಕ್ಕಿಂತ ನಿಧಾನ ಆದರೆ ಮೂತಿ ಮುಚ್ಚಿಕೊಂಡೇ ಇರುತ್ತದೆ, ಪೆನ್ಸಿಲ್ ದಪ್ಪದ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ನರಳುತ್ತಾ ಕಾಡು ಸೇರುತ್ತದೆ. ದೂರಕ್ಕೆಂದೇ ಮಾಡಿದ ಗುಂಡುಗಳಲ್ಲಿ ಸೀಸದ ಮೇಲಿನ ತಾಮ್ರದ ಕವಚ ಮುಂದೆ ತೆಳು, ಅವು ಇನ್ನೂ ಕಡಿಮೆ ವೇಗಕ್ಕೂ ಅರಳುತ್ತವೆ. ನೋಸ್ಲರ್ ಕಂಪನಿ ತನ್ನ ಆ್ಯಕ್ಯುಬಾಂಡ್ ಲಾಂಗ್ ರೇಂಜ್ ಗುಂಡಿಗೆ 1300 ಅಡಿ ಸಾಕು ಅನ್ನುತ್ತದೆ. ನೀವು ಆರಿಸಿದ ಗುಂಡಿನ ಕನಿಷ್ಠ ವೇಗ ಎಷ್ಟು ಅಂತ ತಯಾರಕರ ಪಟ್ಟಿ ನೋಡಿ, ನಿಮ್ಮ ಕೋವಿಯಲ್ಲಿ ಆ ವೇಗ ಯಾವ ಗಜಕ್ಕೆ ಮುಗಿಯುತ್ತದೆ ಅಂತ ಆ್ಯಪಿನಲ್ಲಿ ಹಾಕಿ ನೋಡಿ. ನಿಮ್ಮ ಗುಂಡಿನ ನಿಜವಾದ ಗಡಿ ಅದು. ಅದರಾಚೆ ಎಷ್ಟೇ ನಿಖರವಾಗಿ ಹೊಡೆದರೂ ಹೊಡೆಯಬಾರದು.

ಇಲ್ಲೊಂದು ತೊಡಕಿದೆ. ಆರುನೂರು ಗಜಕ್ಕೆ ತಯಾರಾಗಿ ಹೋದವರಿಗೆ ದಟ್ಟ ಕಾಡಿನಲ್ಲಿ ಅರವತ್ತು ಗಜದಲ್ಲೇ ಎಲ್ಕ್ ಎದುರಾಗುವುದು ಮಾಮೂಲು. ನಿಧಾನಕ್ಕೂ ಅರಳಲಿ ಅಂತ ಮಾಡಿದ ತೆಳು ಕವಚದ ಗುಂಡು 2750 ಅಡಿ ವೇಗದಲ್ಲಿ ಭುಜದ ಮೂಳೆಗೆ ಬಡಿದರೆ ಚೂರುಚೂರಾಗಬಹುದು. ಆಗಲೂ ತೂಕ ಕೈ ಹಿಡಿಯುತ್ತದೆ. 200 ಗ್ರೇನಿನದು ನೂರಕ್ಕೆ ನಲವತ್ತು ಕಳೆದುಕೊಂಡರೂ 120 ಉಳಿಯಿತು, 150ರದ್ದು ಅಷ್ಟೇ ಕಳೆದುಕೊಂಡರೆ ಉಳಿಯುವುದು 90. ಎಲ್ಕಿನ ಮೂಳೆ ದಾಟಿ ಶ್ವಾಸಕೋಶದವರೆಗೆ ಹೋಗಲು ಆ ಮೂವತ್ತು ಗ್ರೇನ್ ಬೇಕಾಗುತ್ತದೆ.

ಗುಂಡನ್ನು ಕಟ್ಟಿದ ರೀತಿ ತೂಕದಷ್ಟೇ ಮುಖ್ಯ ಅನ್ನುವುದಕ್ಕೆ ಆ ನೋಸ್ಲರ್ ಕಂಪನಿ ಕಟ್ಟಿದ ಜಾನ್ ನೋಸ್ಲರ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1946ರಲ್ಲಿ ಅವರು ಕೆನಡಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಮೂಸ್ ಎಲ್ಕಿಗಿಂತಲೂ ದೊಡ್ಡ ಜಿಂಕೆ, ಅವರಿಗೆ ಎದುರಾದದ್ದು ಮೈಗೆಲ್ಲ ಕೆಸರು ಮೆತ್ತಿಕೊಂಡು ಒಣಗಿಸಿಕೊಂಡಿತ್ತು. ಕೈಯಲ್ಲಿ ಇದ್ದದ್ದು .300 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್, ಸಣ್ಣ ಕೋವಿ ಏನಲ್ಲ. ಆದರೂ ಆ ಕಾಲದ ಗುಂಡು ವೇಗ ತಾಳದೆ ಮೇಲ್ಮೈಯಲ್ಲೇ ಒಡೆಯಿತು, ಒಳಗೆ ಹೋಗಲಿಲ್ಲ. ಅವರು ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಒಂದು ಅಡ್ಡಗೋಡೆ ಬರುವಂತೆ ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಗೋಡೆಯ ಹಿಂದಿನ ಅರ್ಧ ಹಾಗೇ ಉಳಿದು ತಳ್ಳುತ್ತಾ ಹೋಗುತ್ತದೆ. ಅದೇ ಪಾರ್ಟಿಷನ್ ಗುಂಡು, 1948ರಿಂದ ಮಾರಾಟಕ್ಕೆ ಬಂದದ್ದು ಇವತ್ತಿಗೂ ಸಿಗುತ್ತದೆ. ಆಮೇಲೆ ಸೀಸವನ್ನು ಕವಚಕ್ಕೆ ಬೆಸೆದ ಗುಂಡುಗಳು ಬಂದವು, ಪೂರ್ತಿ ತಾಮ್ರದವು ಬಂದವು.

ತಾಮ್ರದ ಗುಂಡಿನ ಲೆಕ್ಕ ಬೇರೆ. ಅದು ಒಡೆಯುವುದಿಲ್ಲ, ಹೆಚ್ಚುಕಡಿಮೆ ಪೂರ್ತಿ ತೂಕ ಉಳಿಸಿಕೊಳ್ಳುತ್ತದೆ. ಹಾಗಾಗಿ 165 ಅಥವಾ 175 ಗ್ರೇನಿನ ತಾಮ್ರ, 200 ಗ್ರೇನಿನ ಸೀಸದ ಗುಂಡು ಹೋದಷ್ಟೇ ಆಳ ಹೋಗಬಲ್ಲದು. ಆದರೆ ಅರಳಲು ಅದಕ್ಕೆ ಸಾಮಾನ್ಯವಾಗಿ ಜಾಸ್ತಿ ವೇಗ ಬೇಕು. ದೂರದಲ್ಲಿ ವೇಗವೇ ಕಮ್ಮಿ, ಆದ್ದರಿಂದ ತಾಮ್ರಕ್ಕೆ ಗಡಿಯೂ ಹತ್ತಿರ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಸೀಸವೋ ತಾಮ್ರವೋ ಅನ್ನುವ ಆಯ್ಕೆ ನಿಮಗಿಲ್ಲ, 2019ರ ಜುಲೈಯಿಂದ ಅಲ್ಲಿ ಬೇಟೆಗೆ ಸೀಸ ಪೂರ್ತಿ ನಿಷೇಧ. ಬಿಟ್ಟುಹೋದ ಕರುಳಿನಲ್ಲಿ ಸೀಸದ ಚೂರು ಉಳಿಯುತ್ತದೆ, ಅದನ್ನು ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು. ಎಲ್ಕ್ ಮಾಂಸವನ್ನು ಮನೆಯ ಮಕ್ಕಳಿಗೂ ಬಡಿಸುವವರು ಈ ಚೂರುಗಳ ಬಗ್ಗೆ ಯೋಚಿಸಲೇಬೇಕು. ನನ್ನ ಕೇಳಿದರೆ, ನಾನೂರು ಗಜದ ಒಳಗೆ ಹೊಡೆಯುವವರು ಎಲ್ಲೇ ಇರಲಿ ತಾಮ್ರ ಹಿಡಿಯುವುದೇ ಸರಿ.

ಇನ್ನು ನಳಿಗೆ. ಒಳಗೆ ತಿರುಪಿನಂತೆ ಗೀರುಗಳಿರುತ್ತವೆ, ಅವೇ ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಹಿಡಿಯುತ್ತವೆ. ಗುಂಡು ಉದ್ದವಾದಷ್ಟೂ ಬೇಗ ತಿರುಗಿಸಬೇಕು. .300 ವಿನ್ ಮ್ಯಾಗ್, 30-06ಗಳಲ್ಲಿ ಸಾಮಾನ್ಯವಾಗಿ 10 ಇಂಚಿಗೆ ಒಂದು ಸುತ್ತು, 200 ಗ್ರೇನಿಗೆ ಸಾಕು. ಹಳೆಯ 7 ಎಂಎಂ ರೆಮಿಂಗ್‌ಟನ್ ಮ್ಯಾಗ್ನಮ್ಮಿನಲ್ಲಿ ಒಂಬತ್ತು, ಒಂಬತ್ತೂವರೆ ಇಂಚಿಗೆ ಒಂದು ಸುತ್ತು ಇರುತ್ತದೆ. 160 ಗ್ರೇನ್ ಆರಾಮಾಗಿ ಹೋಗುತ್ತದೆ, 180ರ ನೀಳ ಗುಂಡು ಹಾಕಿದರೆ ನಂಬುವ ಹಾಗಿಲ್ಲ. 2022ರಲ್ಲಿ ಬಂದ 7 ಎಂಎಂ ಪಿಆರ್‌ಸಿಗೆ ಎಂಟು ಇಂಚಿಗೆ ಒಂದು ಸುತ್ತು ಇಟ್ಟಿರುವುದೇ ಇಂಥ ಭಾರದ ಗುಂಡಿಗಾಗಿ. ತಾಮ್ರ ಸೀಸಕ್ಕಿಂತ ಹಗುರ ಲೋಹ, ಹಾಗಾಗಿ ಅದೇ ತೂಕದ ತಾಮ್ರದ ಗುಂಡು ಇನ್ನೂ ಉದ್ದ, ಇನ್ನೂ ಜಾಸ್ತಿ ಸುತ್ತು ಕೇಳುತ್ತದೆ. ನಿಮ್ಮ ನಳಿಗೆಯ ಸುತ್ತು ಎಷ್ಟು ಅಂತ ಬಹಳ ಸಲ ಅದರ ಮೇಲೇ ಕೆತ್ತಿರುತ್ತಾರೆ. ಮೊದಲು ಅದನ್ನು ಓದಿ, ಆಮೇಲೆ ಡಬ್ಬಿ ಕೊಳ್ಳಿ.

ಒದೆತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುಂಡು ಭಾರ ಆದಷ್ಟೂ ಕೋವಿ ಭುಜಕ್ಕೆ ಜೋರಾಗಿ ಒದೆಯುತ್ತದೆ. .300 ವಿನ್ ಮ್ಯಾಗ್‌ನ ಒದೆತ 6.5 ಕ್ರೀಡ್‌ಮೋರಿನ ಎರಡು ಪಟ್ಟಿಗೂ ಮೀರಿದ್ದು. ಒದೆತಕ್ಕೆ ಹೆದರಿ ಕುದುರೆ (ಟ್ರಿಗರ್) ಎಳೆಯುವ ಕ್ಷಣದಲ್ಲಿ ಕಣ್ಣು ಮುಚ್ಚುವವರಿಗೆ 200 ಗ್ರೇನಿನ ಎಲ್ಲ ಲಾಭವೂ ಅಲ್ಲೇ ಮುಗಿಯಿತು. ಅವರು 30-06ರಲ್ಲಿ 165, 178 ಹಿಡಿದು ಮುನ್ನೂರು ಗಜದ ಒಳಗೆ ಹೋಗಿ ಹೊಡೆಯಲಿ, ಅದು ಎಷ್ಟೋ ಮೇಲು.

ಎತ್ತರದ್ದೊಂದು ವಿಷಯ. ಕೊಲರಾಡೊದ ಎಲ್ಕ್ 9000, 10000 ಅಡಿ ಎತ್ತರದಲ್ಲಿ ಸಿಗುತ್ತದೆ. ಅಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಕಾಲು ಭಾಗ ತೆಳು, ಗುಂಡು ವೇಗವನ್ನು ಜಾಸ್ತಿ ಉಳಿಸಿಕೊಳ್ಳುತ್ತದೆ. ಮೇಲೆ ಕೊಟ್ಟ ಗಡಿಗಳೆಲ್ಲ ಅಲ್ಲಿ ಸ್ವಲ್ಪ ಮುಂದಕ್ಕೆ ಸರಿಯುತ್ತವೆ. ಆ್ಯಪಿನಲ್ಲಿ ಎತ್ತರ, ಉಷ್ಣತೆ ಹಾಕದೆ ಟೆಕ್ಸಾಸಿನ ಬಯಲಿನ ಲೆಕ್ಕ ಹಿಡಿದು ಬೆಟ್ಟ ಹತ್ತಿದರೆ ಗುಂಡು ಗುರಿಗಿಂತ ಮೇಲಕ್ಕೆ ಹೋಗುತ್ತದೆ.

ಕೊಡಗು, ಮಲೆನಾಡಿನಲ್ಲಿ ಮನೆಯ ಕೋವಿ ನೋಡಿ ಬೆಳೆದು ಈಗ ಅಮೆರಿಕದಲ್ಲಿರುವವರು ಒಂದೆರಡು ಮಾತು ನೆನಪಿಡಿ. ನಮ್ಮಲ್ಲಿ 1972ರ ಕಾಯ್ದೆಯ ಪ್ರಕಾರ ಕಾಡುಪ್ರಾಣಿ ಬೇಟೆ ಅಪರಾಧ, ಅಲ್ಲಿ ಅದು ಲೈಸೆನ್ಸು, ಲಾಟರಿ, ಕಾಲ ಎಲ್ಲ ಗೊತ್ತುಮಾಡಿ ನಡೆಸುವ ವ್ಯವಸ್ಥೆ. ಕೊಲರಾಡೊದಲ್ಲಿ ಎಲ್ಕಿಗೆ ಗುಂಡು ಕನಿಷ್ಠ 85 ಗ್ರೇನ್ ಇರಬೇಕು, ಅರಳುವ ಜಾತಿಯದೇ ಆಗಬೇಕು, ನೂರು ಗಜದಲ್ಲಿ 1000 ಫುಟ್-ಪೌಂಡ್ ಇರಬೇಕು. ಇದು ಕಾನೂನಿನ ತಳಮಟ್ಟ, ಸಲಹೆ ಅಂತ ತಿಳಿಯಬೇಡಿ. 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಪ್ರಮಾಣಪತ್ರ ತೋರಿಸಲೇಬೇಕು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿ ಮುಟ್ಟುವುದಕ್ಕೇ ಅಲ್ಲಿನ ಕೇಂದ್ರ ಕಾನೂನು ಅಡ್ಡ ಬರುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸು ಅದಕ್ಕೆ ಇರುವ ವಿನಾಯಿತಿಗಳಲ್ಲಿ ಒಂದು. ಗೆಳೆಯರ ಜೊತೆ ಸುಮ್ನೆ ಹೋಗಿ ಒಂದು ಗುಂಡು ಹೊಡೆದು ಬರ್ತೀನಿ ಅನ್ನುವ ಮುಂಚೆ ಇದನ್ನು ವಕೀಲರ ಹತ್ತಿರ ವಿಚಾರಿಸಿ.

ಹಾಗಾದರೆ ಯಾವ ಡಬ್ಬಿ? .300 ಮ್ಯಾಗ್ನಮ್ಮುಗಳಿಗೆ 190ರಿಂದ 212, ನನ್ನ ಒಲವು 200. 30-06ಗೆ 178, 180. 7 ಎಂಎಂ ಮ್ಯಾಗ್ನಮ್ಮಿಗೆ 160, ನಳಿಗೆಯ ಸುತ್ತು ಒಪ್ಪಿದರೆ 175. 6.5 ಕ್ರೀಡ್‌ಮೋರಿಗೆ 140, 143, ಜೊತೆಗೆ 350 ಗಜ ದಾಟುವುದಿಲ್ಲ ಅನ್ನುವ ನಿರ್ಧಾರ. ಎರಡು ಮೂರು ಬಗೆಯ ಡಬ್ಬಿ ತಂದು ನಿಮ್ಮ ಕೋವಿಗೆ ಯಾವುದು ಹಿಡಿಸುತ್ತದೆ ನೋಡಿ, ಒಂದೇ ತೂಕದ ಎರಡು ಕಂಪನಿಯ ಗುಂಡು ಒಂದೇ ನಳಿಗೆಯಲ್ಲಿ ಬೇರೆ ಬೇರೆ ರೀತಿ ಗುಂಪು ಕೂರುತ್ತವೆ (ಕೆಲವು ಒತ್ತಾಗಿ, ಕೆಲವು ಚದುರಿ). ವೇಗವನ್ನು ಡಬ್ಬಿ ನೋಡಿ ನಂಬಬೇಡಿ, ಕ್ರೋನೋಗ್ರಾಫ್ ಇಟ್ಟು ಅಳೆಯಿರಿ, ನಿಮ್ಮ ನಳಿಗೆ ಗಿಡ್ಡ ಇದ್ದರೆ ನೂರು ಅಡಿ ಕಮ್ಮಿ ಬರುವುದು ಸಹಜ. ಆಮೇಲೆ ಮೇಜು ಬಿಟ್ಟು ನೆಲದ ಮೇಲೆ, ಬೆನ್ನುಚೀಲಕ್ಕೆ ಕೋವಿ ಒರಗಿಸಿ, ಗಾಳಿ ಬೀಸುವ ದಿನ ಹೊಡೆದು ನೋಡಿ. ಊಟದ ತಟ್ಟೆಯಷ್ಟು ಅಗಲದ ಗುರಿಗೆ ಮೊದಲ ಗುಂಡೇ ಪ್ರತಿ ಸಲ ಬೀಳುವ ದೂರ ಎಷ್ಟೋ ಅಷ್ಟೇ ನಿಮ್ಮ ದೂರ. ಅದು 400 ಗಜ ಆದರೆ 690 ಗಜಕ್ಕೆ ಸಾಕಾಗುವ ಗುಂಡು ಹಾಕಿದ್ದರೂ 400ಕ್ಕೇ ನಿಲ್ಲಿ. ಎಲ್ಕ್ ಅದಕ್ಕಿಂತ ದೂರ ಇದ್ದರೆ ಗಾಳಿಯ ದಿಕ್ಕು ನೋಡಿಕೊಂಡು ಕಣಿವೆ ಇಳಿದು ಹತ್ತಿರ ಹೋಗಿ.